ಗೊಂಬೆ ಮೆಟ್ಟಿಲ ಕೆಳಗಿನ ಸ್ಟೇಷನ್

ನಮ್ಮ ಮನೆಯಲ್ಲಿ ಒಂದೇ ತಿಂಗಳಲ್ಲಿ ಮೆಟ್ರೊದ ಎರಡು ನಕ್ಷೆಗಳು ತಯಾರಾದವು. ಎರಡನ್ನೂ ಮಾಡಿದವಳು ನಾನೇ. ಒಂದು ಅಪ್ಪನಿಗಾಗಿ, ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ. ಸ್ಟೇಷನ್ನು ನಮ್ಮ ರಸ್ತೆಯಿಂದ ಆಚೆ ಹೋಗಲಿ ಎಂದು ತೋರಿಸುವುದಕ್ಕೆ. ಇನ್ನೊಂದು ಅಮ್ಮನಿಗಾಗಿ, ದಸರಾ ಗೊಂಬೆಗಳ ಕೆಳಗೆ, ನೆಲದ ಮೇಲೆ. ಸ್ಟೇಷನ್ನು ನಮ್ಮ ಗೇಟಿನ ಎದುರಿಗೇ ಬರಲಿ ಎಂದು. ಆರು ಕೊಟ್ಟರೆ ಅತ್ತೆ ಕಡೆ, ಮೂರು ಕೊಟ್ಟರೆ ಸೊಸೆ ಕಡೆ ಅನ್ನುತ್ತಾರೆ. ನನಗೆ ಯಾರೂ ಏನೂ ಕೊಡಲಿಲ್ಲ, ಆದರೂ ನಾನು ಎರಡೂ ಕಡೆಯವಳಾಗಿದ್ದೆ. ಅಪ್ಪನ ನಕ್ಷೆ ಬರೆಯುವಾಗ ಅಪ್ಪ ಹೇಳುವುದೇ ಸರಿ ಅನ್ನಿಸುತ್ತಿತ್ತು. ಅಮ್ಮನ ಪಕ್ಕ ನೆಲದ ಮೇಲೆ ಕೂತಾಗ, ಅಪ್ಪನಿಗೆ ಬುದ್ಧಿ ಇಲ್ಲ ಅನ್ನಿಸುತ್ತಿತ್ತು.

ಆಗ ನಾನು ಜಯನಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರಾಗಿದ್ದೆ. ನಮ್ಮ ಮನೆಯೂ ಜಯನಗರದಲ್ಲೇ, ಪಾರ್ಕಿನ ಉದ್ದಕ್ಕೂ ಹೋಗುವ ದೊಡ್ಡ ರಸ್ತೆಗೆ ಸೇರುವ ಮೂಲೆಯಲ್ಲಿ. ಕೆಳಗೆ ಅಪ್ಪ, ಅಮ್ಮ, ನಾನು. ಮಹಡಿಯ ಮೇಲೆ ಬಾಡಿಗೆಗೆ ಧಾರವಾಡದ ಕಡೆಯ ಒಬ್ಬಳು ಹುಡುಗಿ. ಬಿಟಿಎಂ ಲೇಔಟಿನಲ್ಲಿ ಅವಳ ಆಫೀಸು. ಇಸವಿ ಸರಿಯಾಗಿ ನೆನಪಿಲ್ಲ. ಅಪ್ಪನ ಕೈಗೆ ಮೊಬೈಲು ಬಂದಿತ್ತು, ಆದರೆ ಬ್ಯಾಟರಿ ಖರ್ಚಾಗುತ್ತದೆ ಎಂದು ಅದನ್ನು ಆರಿಸಿಯೇ ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಅಂಥ ಕಾಲ.

ಊರಿಗೆ ರೈಲು ಬರುತ್ತದೆ ಅನ್ನುವ ಮಾತೇನೂ ಹೊಸದಲ್ಲ. ತೊಂಬತ್ತರ ದಶಕದಲ್ಲಿ, ನಾನು ಕಾಲೇಜಿಗೆ ಹೋಗುವಾಗಲೇ ಅದು ಒಂದು ವರ್ಷ ಕಂಬದ ಮೇಲೆ ಬರುತ್ತಿತ್ತು, ಇನ್ನೊಂದು ವರ್ಷ ನೆಲದೊಳಗೆ ಬರುತ್ತಿತ್ತು, ಮೂರನೆಯ ವರ್ಷ ಬರುತ್ತಲೇ ಇರಲಿಲ್ಲ. ಅಪ್ಪ ಪೇಪರು ಓದಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀತಾರೆ" ಎಂದು ಮಡಚಿ ಇಡುತ್ತಿದ್ದರು. ನಾವೂ ಹಾಗೆಯೇ ಮರೆಯುತ್ತಿದ್ದೆವು.

ಈ ಸಲ ಹಾಗಾಗಲಿಲ್ಲ. ಒಂದು ಬೆಳಿಗ್ಗೆ ನಮ್ಮ ರಸ್ತೆಗೆ ಅಳತೆಯವರು ಬಂದರು. ಮೂರು ಕಾಲಿನ ಸ್ಟ್ಯಾಂಡ್ ಇಟ್ಟು, ಒಂದು ಕಣ್ಣು ಮುಚ್ಚಿ, ಪಾರ್ಕಿನ ಮರಗಳ ಕಡೆ ನೋಡಿದರು. ಹೋಗುವಾಗ ಫುಟ್‌ಪಾತಿನ ಕಲ್ಲಿನ ಮೇಲೆ ಹಳದಿ ಬಣ್ಣದಲ್ಲಿ ಒಂದು ಗುರುತು ಹಾಕಿಹೋದರು. ಆ ಗುರುತು ನಮ್ಮ ಗೇಟಿನ ಎದುರಿಗೇ ಇತ್ತು. ಅದು ಕಂಬ ಬರುವ ಜಾಗ ಎಂದರು ಎದುರುಮನೆ ಅಂಕಲ್. ಅಲ್ಲ, ಸ್ಟೇಷನ್ನಿನ ಮೆಟ್ಟಿಲು ಇಳಿಯುವ ಜಾಗ ಎಂದರು ಇನ್ನೊಬ್ಬರು. ನೀರಿನ ಪೈಪಿನ ಗುರುತು ಇರಬಹುದು ಎಂದು ನಾನು ಹೇಳಿದಾಗ ಎಲ್ಲರೂ ನನ್ನನ್ನು ಪಾಪ ಅನ್ನುವ ಹಾಗೆ ನೋಡಿದರು. ಅದು ಏನೆಂದು ಕೊನೆಗೂ ಗೊತ್ತಾಗಲಿಲ್ಲ. ಎರಡು ಮಳೆ ಬಿದ್ದ ಮೇಲೆ ಅಳಿಸಿಹೋಯಿತು. ಆದರೆ ಅಷ್ಟರೊಳಗೆ ಬಡಾವಣೆಯ ಸಂಘ ಎಚ್ಚರಗೊಂಡಿತ್ತು, ಮತ್ತು ಅಪ್ಪ ಆ ಸಂಘದ ಸೆಕ್ರೆಟರಿ.

ಸಂಘದಲ್ಲಿದ್ದವರೆಲ್ಲ ರಿಟೈರಾದವರು, ಬೆಳಗಿನ ವಾಕಿಂಗಿನವರು. ಅವರಲ್ಲಿ ಒಬ್ಬರೂ ಮೆಟ್ರೊ ಬೇಡ ಅನ್ನಲಿಲ್ಲ. ಇದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ಬೇಡ ಅಂತ ಯಾರು ಹೇಳಿದ್ರು? ಊರಿಗೆ ಬೇಕೇ ಬೇಕು. ಸ್ಟೇಷನ್ ಮಾತ್ರ ಸ್ವಲ್ಪ ಮುಂದೆ ಇರ್ಲಿ." ಇದು ಅಪ್ಪನ ಮಾತು. ನಮ್ಮ ರಸ್ತೆಗೆ ಸ್ವಲ್ಪ ಮುಂದೆ ಎಂದರೆ ಮುಂದಿನ ಸರ್ಕಲ್. ಆ ಸರ್ಕಲ್ಲಿನವರೂ ಒಂದು ಸಂಘ ಮಾಡಿಕೊಂಡಿದ್ದರು. ಅವರೂ ಸ್ವಲ್ಪ ಮುಂದೆ ಅಂದರು. ಬನಶಂಕರಿ ದೇವಸ್ಥಾನದ ಕಡೆಯವರು ಜೆಪಿ ನಗರದ ಕಡೆ ಕೈ ತೋರಿಸಿದರು. ಎಲ್ಲರ ಮಾತನ್ನೂ ಕೇಳಿದ್ದರೆ ಜಯನಗರದ ಸ್ಟೇಷನ್ನು ಕನಕಪುರ ತಲುಪುತ್ತಿತ್ತು. ನಾನು ಇದನ್ನು ಊಟದ ಹೊತ್ತಿನಲ್ಲಿ ಹೇಳಿದೆ. ಅಪ್ಪನಿಗೆ ನಗು ಬರಲಿಲ್ಲ.

ಅಪ್ಪನ ಭಯ ಸುಳ್ಳಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಆ ಪಾರ್ಕಿನ ಮರಗಳ ಕೆಳಗೆ ಅವರು ನನ್ನ ಕೈ ಹಿಡಿದು ನಡೆಸಿದ್ದರು. ಮನೆಯ ಮುಂದಿನ ಕಾಂಪೌಂಡಿನಷ್ಟು ಜಾಗ ಹೋಗುತ್ತದೆ ಎಂದು ಒಬ್ಬರು, ಅಡಿಗೆಮನೆಯವರೆಗೂ ಹೋಗುತ್ತದೆ ಎಂದು ಇನ್ನೊಬ್ಬರು ದಿನಕ್ಕೊಂದು ಸುದ್ದಿ ತರುತ್ತಿದ್ದರು. ಅಪ್ಪ ರಾತ್ರಿ ಊಟವಾದ ಮೇಲೆ ಗೇಟಿನ ಹತ್ತಿರ ಹೋಗಿ ಸುಮ್ಮನೆ ನಿಂತು ಬರುತ್ತಿದ್ದರು. ಮರುದಿನ ಅವರು ಹೇಳಿದಂತೆ ನಕ್ಷೆಯನ್ನು ಮತ್ತೆ ತಿದ್ದಿ ಕೊಡುತ್ತಿದ್ದೆ.

ಅಮ್ಮನದು ಬೇರೆಯೇ ಲೆಕ್ಕ. ಅವಳ ಒಬ್ಬಳೇ ಅಕ್ಕ, ನಮ್ಮ ದೊಡ್ಡಮ್ಮ, ರಾಜಾಜಿನಗರದಲ್ಲಿ ಮಗ-ಸೊಸೆಯ ಜೊತೆ ಇದ್ದಳು. ಹಿಂದಿನ ವರ್ಷ ದೊಡ್ಡಪ್ಪ ಹೋದ ಮೇಲೆ ದೊಡ್ಡಮ್ಮ ಹೊಸಿಲು ದಾಟುವುದನ್ನೇ ಬಿಟ್ಟಿದ್ದಳು. ಅಮ್ಮನಿಗೆ ಮಂಡಿನೋವು. ನಮ್ಮ ಮನೆಯಿಂದ ಅಲ್ಲಿಗೆ ಹೋಗಬೇಕೆಂದರೆ ಮೆಜೆಸ್ಟಿಕ್ಕಿನಲ್ಲಿ ಇಳಿದು, ಮೆಟ್ಟಿಲು ಹತ್ತಿ ಇಳಿದು, ಇನ್ನೊಂದು ಬಸ್ಸು ಹುಡುಕಬೇಕು. ಒಂದು ಸಲ ಆ ಮೆಟ್ಟಿಲ ಮಧ್ಯದಲ್ಲಿ ಕೂತುಬಿಟ್ಟಿದ್ದಳು, ಏಳಲಾಗದೆ. ಅದಾದ ಮೇಲೆ ಆಟೊ ಕೇಳಿದರೆ, ರಾಜಾಜಿನಗರ ಅನ್ನುವ ಹೆಸರು ಕೇಳಿದ ಕೂಡಲೇ ಡ್ರೈವರು ಗಾಡಿ ಮುಂದೆ ಬಿಡುತ್ತಿದ್ದ. ಅಕ್ಕತಂಗಿಯರಿಗೆ ಉಳಿದದ್ದು ಫೋನು. ದಿನಾ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮಾತಾಡುತ್ತಿದ್ದರು. ರಿಸೀವರ್ ಇಟ್ಟ ಮೇಲೆ ಅಮ್ಮ, "ಫೋನಲ್ಲಿ ಮುಖ ಕಾಣಲ್ಲ. ಊಟ ಮಾಡ್ದೆ ಅಂತಾಳೆ, ಮಾಡಿದಾಳೋ ಇಲ್ವೋ" ಅನ್ನುತ್ತಿದ್ದಳು.

ಹೀಗಿರುವಾಗ ಅವಳ ಕಿವಿಗೆ ಯಾರೋ ಒಂದು ಸುದ್ದಿ ಹಾಕಿದರು. "ಒಂದೇ ರೈಲಂತೆ ಕಣೇ," ಎಂದಳು ನನ್ನ ಹತ್ತಿರ, ಅಡಿಗೆಮನೆಯಲ್ಲಿ, ದನಿ ತಗ್ಗಿಸಿ. "ಇಲ್ಲಿ ಹತ್ತಿದ್ರೆ ಸೀದಾ ರಾಜಾಜಿನಗರವಂತೆ. ಮೆಜೆಸ್ಟಿಕ್‌ನಲ್ಲಿ ಇಳಿಯೋ ಹಾಗೇ ಇಲ್ವಂತೆ. ಲಿಫ್ಟ್ ಬೇರೆ ಇರತ್ತಂತೆ."

"ಅಪ್ಪನಿಗೆ ಹೇಳು."

"ಅವರು ಅಷ್ಟು ಜನದ ಮುಂದೆ ಬೇಡ ಅಂತ ಓಡಾಡ್ತಿದಾರೆ. ಮನೆಯೋಳೇ ಬೇಕು ಅಂದ್ರೆ ಚೆನ್ನಾಗಿರತ್ತಾ?"

ಅಮ್ಮ ಹಾಗೆ. ಗಂಡನ ಜೊತೆ ಉಪ್ಪಿಗೂ ಹುಳಿಗೂ ಜಗಳ ಆಡುತ್ತಿದ್ದಳು, ಆದರೆ ಅವರು ಹೊರಗೆ ಆಡಿದ ಮಾತನ್ನು ಒಳಗಿನಿಂದ ಬಿಟ್ಟುಕೊಡುತ್ತಿರಲಿಲ್ಲ. ಅದರಲ್ಲೂ ತವರಿನವರ ಮುಂದೆ ಬಿಲ್ಕುಲ್ ಇಲ್ಲ. ಈ ಗುಣ ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ತಿಳಿಯದು. ಆಗ ಮಾತ್ರ ಸಿಟ್ಟು ಬಂದಿತ್ತು. ನಿನಗೆ ಬೇಕಾದದ್ದನ್ನು ಬೇಕು ಅನ್ನುವುದಕ್ಕೆ ಏನು ಕಷ್ಟ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಒಗ್ಗರಣೆ ಹಾಕಿದಳು. ಆ ಚಟಪಟದಲ್ಲಿ ನನ್ನ ಮಾತು ಮುಳುಗಿತು.

ಆ ವರ್ಷದ ದಸರಾ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ. ಟ್ರಂಕು, ಹಲಗೆ, ಡಬ್ಬಗಳನ್ನು ಪೇರಿಸಿ, ಮೇಲೆ ಬಿಳಿ ಪಂಚೆ ಹೊದಿಸಿ ಮೆಟ್ಟಿಲು ಮಾಡುತ್ತಿದ್ದೆವು. ಎಲ್ಲಕ್ಕಿಂತ ಮೇಲೆ ಪಟ್ಟದ ಗೊಂಬೆಗಳು, ಮರದ ರಾಜ-ರಾಣಿ, ಅಮ್ಮನ ತವರಿನವು. ಕೆಳಗಿನ ಮೆಟ್ಟಿಲಲ್ಲಿ ಅಂಗಡಿ ಇಟ್ಟ ಶೆಟ್ಟಿ ಮತ್ತು ಅವನ ಹೆಂಡತಿ. ನೆಲದ ಮೇಲೆ ಪಾರ್ಕು: ಮಣ್ಣು ಹರಡಿ ರಾಗಿ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು ಮೊಳಕೆ ಎದ್ದಿರುತ್ತದೆ. ಪ್ರತಿವರ್ಷ ಪಾರ್ಕಿನಲ್ಲಿ ಮೃಗಾಲಯವೋ ಹಳ್ಳಿಯೋ ಇರುತ್ತಿತ್ತು. ಆ ವರ್ಷ ಅಮ್ಮ, "ಮೆಟ್ರೊ ಮಾಡೋಣ" ಎಂದಳು.

ಹೀಗಾಗಿ ನನ್ನ ಎರಡನೆಯ ನಕ್ಷೆ ಶುರುವಾಯಿತು. ರಾಗಿ ಮೊಳಕೆಯ ದೊಡ್ಡ ತುಂಡು ಲಾಲ್‌ಬಾಗ್. ಸಣ್ಣ ಸಣ್ಣ ರಟ್ಟಿನ ಪೆಟ್ಟಿಗೆಗಳು ನಮ್ಮ ರಸ್ತೆಯ ಮನೆಗಳು; ಅವಕ್ಕೆ ನಾನು ಗೇಟು, ಕಿಟಕಿ, ಬಾಗಿಲ ರಂಗೋಲಿ ಕೂಡ ಬರೆದೆ. ದಾರದ ಖಾಲಿ ರೀಲುಗಳು ಕಂಬಗಳಾದವು. ರೈಲುದಾರಿಗೆ ಏನು ಎಂದು ಯೋಚಿಸುತ್ತಿದ್ದಾಗ ಅಮ್ಮ ಬೀರುವಿನಿಂದ ಅಪ್ಪನ ಹಳೆಯ ಬೆಲ್ಟು ತಂದಳು. ಅಪ್ಪ ಆಫೀಸಿಗೆ ಹಾಕಿಕೊಂಡು ಹೋಗುತ್ತಿದ್ದ ಕಪ್ಪು ಬೆಲ್ಟು. ರೀಲುಗಳ ಮೇಲೆ ಅದನ್ನು ಹಾಸಿದರೆ ಬನಶಂಕರಿಯಿಂದ ಲಾಲ್‌ಬಾಗಿನವರೆಗೆ ಬಂತು. ಅಲ್ಲಿಗೆ ಬೆಲ್ಟೂ ಮುಗಿಯಿತು, ಜಾಗವೂ ಮುಗಿಯಿತು. ಆಚೆ ಬೀರು ಇತ್ತು. ಬಣ್ಣದ ಕಾಗದ ಅಂಟಿಸಿದ ಒಂದು ಬೆಂಕಿಪೊಟ್ಟಣ ಸ್ಟೇಷನ್. ಅಮ್ಮ ಅದನ್ನು ನಮ್ಮ ರಟ್ಟಿನ ಮನೆಯ ಗೇಟಿನ ಎದುರಿಗೆ ಇಟ್ಟಳು. ಅಪ್ಪ ಬಂದು ನೋಡಿದರು. "ನನ್ನ ಬೆಲ್ಟ್ ಮೇಲೆ ನನಗೇ ರೈಲು ಬಿಡ್ತಿದೀರಾ?" ಎಂದು ಹೇಳಿ, ಚಾಪೆಯ ಮೇಲಿನ ನನ್ನ ಮೊದಲನೆಯ ನಕ್ಷೆಯನ್ನು ಎತ್ತಿಕೊಂಡು ಹೋದರು.

ಗೊಂಬೆ ನೋಡಲು ಸಂಜೆ ಸಂಜೆ ಹೆಂಗಸರು, ಮಕ್ಕಳು ಬರುತ್ತಿದ್ದರು. ಆರತಿ, ಹಾಡು, ಅರಿಶಿನ ಕುಂಕುಮ, ದೊನ್ನೆಯಲ್ಲಿ ಕಡಲೆಕಾಳಿನ ಉಸ್ಲಿ. ಮೊದಲ ಸಂಜೆಯೇ ಗಲಾಟೆ ಆಯಿತು. ಎದುರುಮನೆ ಆಂಟಿ ಮೇಲಿನ ರಾಜ-ರಾಣಿಯನ್ನು ನೋಡಲೇ ಇಲ್ಲ. ನೆಲದ ಮೇಲೆ ಬಗ್ಗಿ, ಬೆಂಕಿಪೊಟ್ಟಣವನ್ನು ಎರಡು ಬೆರಳಲ್ಲಿ ಎತ್ತಿ, ತಮ್ಮ ಮನೆ ದಾಟಿ ಆಚೆ ಇಟ್ಟರು. "ಇಲ್ಲಿರ್ಲಿ. ಹತ್ತಿರಾನೂ ಆಯ್ತು, ಗಲಾಟೆನೂ ಇಲ್ಲ." ಅವರ ಗಂಡ ಅಪ್ಪನ ಬಲಗೈ, ಸಂಘದಲ್ಲಿ ಸ್ಟೇಷನ್ನನ್ನು ಸರ್ಕಲ್ಲಿಗೆ ಓಡಿಸಲು ಹೊರಟವರು. ಹೆಂಡತಿಗೆ ಮಾತ್ರ ಅದು ನಾಲ್ಕು ಮನೆ ಆಚೆ ಬೇಕಾಗಿತ್ತು.

ಈಗ ಒಂದು ಸಮಸ್ಯೆ ಬಂತು. ಕೂರಿಸಿದ ಗೊಂಬೆಯನ್ನು ಹಬ್ಬ ಮುಗಿಯುವವರೆಗೆ ಕದಲಿಸಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಸ್ಟೇಷನ್ನು ಗೊಂಬೆಯೋ ಅಲ್ಲವೋ? ಅಲ್ಲಿದ್ದ ಹೆಂಗಸರೆಲ್ಲ ಇದರ ಬಗ್ಗೆ ಗಂಭೀರವಾಗಿ ಚರ್ಚೆ ಮಾಡಿದರು. ಕೊನೆಗೆ ಅಮ್ಮ ತೀರ್ಪು ಕೊಟ್ಟಳು. "ಮೆಟ್ಟಿಲ ಮೇಲಿರೋದು ಗೊಂಬೆ. ನೆಲದ ಮೇಲಿರೋದು ಪಾರ್ಕು. ಪಾರ್ಕನ್ನ ಕದಲಿಸಬಹುದು."

ಇದೊಂದು ಮಾತು ಹೇಳಬಾರದಿತ್ತು. ಆಮೇಲೆ ಬಂದವರೆಲ್ಲ ಮೊದಲು ಬಗ್ಗಿ ಸ್ಟೇಷನ್ ಕದಲಿಸಿ ಆಮೇಲೆ ಕುಂಕುಮ ತಗೊಂಡರು. ತರಕಾರಿಗೆ ಅನುಕೂಲ ಎಂದು ಒಬ್ಬರು ಶಾಪಿಂಗ್ ಕಾಂಪ್ಲೆಕ್ಸಿನ ಕಡೆ ತಳ್ಳಿದರು. ಶುಕ್ರವಾರ ಹೋಗಿಬರಲು ಎಂದು ಇನ್ನೊಬ್ಬರು ಬನಶಂಕರಿ ಗುಡಿಯ ಬಾಗಿಲಿಗೆ ಒಯ್ದರು. ಹನುಮಂತನಗರದಿಂದ ಬಂದಿದ್ದ ಒಬ್ಬ ಹಿರಿಯರು, ನಮ್ಮ ಕಡೆ ಲೈನೇ ಇಲ್ಲವಲ್ಲ ಎಂದು ಬೇಜಾರು ಮಾಡಿಕೊಂಡು ಉಸ್ಲಿ ಅರ್ಧಕ್ಕೇ ಬಿಟ್ಟರು. ಮಹಡಿಯ ಹುಡುಗಿ ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತು ನೋಡಿ, "ಬಿಟಿಎಂಗೆ ಬರಂಗಿಲ್ಲಂದ್ರ ನೀವು ಎಲ್ಲಿ ಇಟ್ರೂ ನನಗ ಅಷ್ಟ ರೀ ಅಕ್ಕಾರ" ಎಂದು ದೊನ್ನೆ ಹಿಡಿದು ಮೇಲೆ ಹೋದಳು. ಎಲ್ಲರೂ ಹೋದ ಮೇಲೆ ಅಮ್ಮ ನಿಧಾನವಾಗಿ ಮಂಡಿ ಹಿಡಿದು ಕೂತು, ಬೆಂಕಿಪೊಟ್ಟಣವನ್ನು ಮತ್ತೆ ನಮ್ಮ ಗೇಟಿಗೆ ತರುತ್ತಿದ್ದಳು. ಪಕ್ಕದ ರೂಮಿನಲ್ಲಿ ಅಪ್ಪ ಮೀಟಿಂಗಿನಲ್ಲಿ ಮಾಡಬೇಕಾದ ಭಾಷಣವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿತ್ತು ಮನೆ. ನನ್ನ ತಲೆ ಚಿಟ್ಟು ಹಿಡಿದಿತ್ತು. ನನ್ನದೇ ಕೈಯಲ್ಲಿ ಬರೆದ ಎರಡು ನಕ್ಷೆಗಳಲ್ಲಿ ಯಾವುದು ಗೆಲ್ಲಬೇಕೆಂದು ನನಗೇ ಗೊತ್ತಿರಲಿಲ್ಲ.

ಮೀಟಿಂಗು ಆಯುಧಪೂಜೆಗೆ ಎರಡು ದಿನ ಮೊದಲು ಎಂದು ನಿಗದಿಯಾಗಿತ್ತು. ಮೆಟ್ರೊದವರೇ ಒಂದು ಶಾಲೆಯ ಹಾಲಿಗೆ ಬಂದು, ನಮ್ಮ ಕಡೆಯ ಜನ ಏನು ಹೇಳುತ್ತಾರೆ ಎಂದು ಕೇಳುವವರಿದ್ದರು. ಅದರ ಹಿಂದಿನ ದಿನ ದೊಡ್ಡಮ್ಮ ಬಂದಳು. ಅವಳ ಮಗ ಬೆಳಿಗ್ಗೆ ಕಾರಿನಲ್ಲಿ ಬಿಟ್ಟು, ಈ ಕಡೆ ಕೆಲಸವಿದೆ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ ಎಂದು ಹೋದ. ಒಂದು ವರ್ಷದ ಮೇಲೆ ಅವಳನ್ನು ನೋಡಿದ್ದು. ಸೀರೆಯೊಳಗೆ ಅರ್ಧ ಆಗಿದ್ದಳು. ಅಮ್ಮ ಅಕ್ಕನ ಮುಂಗೈ ಹಿಡಿದುಕೊಂಡಳು, ಎಷ್ಟು ತೆಳ್ಳಗಾಗಿದೆ ಎಂದು ಅಳೆಯುವ ಹಾಗೆ.

ಊಟವಾದ ಮೇಲೆ ದೊಡ್ಡಮ್ಮನಿಗೆ ಗೊಂಬೆಗಳ ಮುಂದೆ ಕುರ್ಚಿ ಹಾಕಿದೆವು. ಹೊಸ ದಪ್ಪ ಕನ್ನಡಕದಲ್ಲಿ ಅವಳು ಮೊದಲು ತವರಿನ ರಾಜ-ರಾಣಿಯನ್ನು ನೋಡಿದಳು. ರಾಣಿಯ ಮೂಗು ಅವರಿಬ್ಬರ ಜಗಳದಲ್ಲೇ ಮುರಿದದ್ದಂತೆ. ಅದನ್ನು ನೆನೆದು ಸ್ವಲ್ಪ ನಕ್ಕಳು. ಆಮೇಲೆ ಅವಳ ಕಣ್ಣು ನೆಲಕ್ಕಿಳಿಯಿತು. ಅಮ್ಮ ಸಂಭ್ರಮದಿಂದ ತೋರಿಸತೊಡಗಿದಳು. ಇದು ಬನಶಂಕರಿ, ಇದು ನಮ್ಮನೆ, ಇದು ಲಾಲ್‌ಬಾಗ್.

"ನಮ್ಮನೆ ಎಲ್ಲಿ?" ಎಂದಳು ದೊಡ್ಡಮ್ಮ.

ಅಮ್ಮ ಬೆಲ್ಟಿನ ಕೊನೆಯವರೆಗೆ ಬೆರಳು ಓಡಿಸಿ ನಿಂತಳು. ನಾನೂ ನೋಡಿದೆ. ಅಷ್ಟು ದಿನ, ಅಷ್ಟು ಜನ ಬಗ್ಗಿ ನೋಡಿದ್ದರು. ಸ್ಟೇಷನ್ನನ್ನು ಅಂಗಡಿಗೆ, ಗುಡಿಗೆ, ಗೇಟಿಗೆ ಎಳೆದಾಡಿದ್ದರು. ಎಲ್ಲಿ ಹತ್ತಬೇಕೆಂದು ಜಗಳವಾಡಿದ್ದೆವು. ಎಲ್ಲಿ ಇಳಿಯಬೇಕು ಅನ್ನುವುದು ಒಬ್ಬರ ತಲೆಗೂ ಬಂದಿರಲಿಲ್ಲ. ಅಮ್ಮನ ತಲೆಗೂ ಬಂದಿರಲಿಲ್ಲ, ಅವಳು ಅದಕ್ಕಾಗಿಯೇ ಇದನ್ನೆಲ್ಲ ಮಾಡಿಸಿದ್ದರೂ.

"ಆ ಕಡೆ, ಬೀರು ಹಿಂದೆ ಬರತ್ತೆ ಅಕ್ಕ," ಎಂದಳು ಅಮ್ಮ. "ಬೆಲ್ಟ್ ಸಾಲಲಿಲ್ಲ."

"ಹೋಗ್ಲಿ ಬಿಡು. ನಮ್ಮ ಕಡೆ ಹ್ಯಾಗೂ ಬೇಡ ಅಂತ ಹೇಳಿ ಆಯ್ತಲ್ಲ."

"ಯಾರು ಹೇಳಿದ್ರು?"

"ನಾವೇ. ನಮ್ಮ ರಸ್ತೆಯೋರೆಲ್ಲ. ಹತ್ತಿರದಲ್ಲಿ ಸ್ಟೇಷನ್ ಬೇಡ, ದೂರ ಎಲ್ಲಾದ್ರೂ ಮಾಡ್ಕೊಳಿ ಅಂತ. ಕೆಲವರು ಬೇಕು ಅಂತಿದ್ರು. ನಾನೇ ಅವರಿಗೆ ಹೇಳ್ದೆ, ನನ್ನ ತಂಗಿ ಗಂಡ ಓದಿದೋರು, ಅದನ್ನೆಲ್ಲ ವಿಚಾರಿಸಿದೋರು, ಅವರೇ ಬೇಡ ಅಂತ ಬಿಸಿಲಲ್ಲಿ ಓಡಾಡ್ತಿದಾರೆ, ಸುಮ್ಮನೆ ಓಡಾಡ್ತಾರಾ ಅಂತ. ನೀನೇ ಅಲ್ವೇ ದಿನಾ ಫೋನಲ್ಲಿ ಹೇಳ್ತಿದ್ದಿದ್ದು?"

ಅಮ್ಮ ಹೇಳಿದ್ದು ನಿಜ. ನಾನೇ ಕೇಳಿಸಿಕೊಂಡಿದ್ದೆ. ಇವತ್ತು ಅವರು ಆ ಆಫೀಸಿಗೆ ಹೋಗಿದ್ರು, ಇವತ್ತು ಈ ಎಂಜಿನಿಯರ್ ಹತ್ರ ಮಾತಾಡಿದ್ರು ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ತನಗೆ ಬೇಕು ಅನ್ನುವುದೊಂದನ್ನು ಬಿಟ್ಟು ಎಲ್ಲವನ್ನೂ ಹೇಳಿದ್ದಳು.

ಅಮ್ಮ ಬೆಲ್ಟಿನ ತುದಿಯಿಂದ ಬೆರಳು ತೆಗೆದು ಕೇಳಿದಳು. "ನಿಂಗೆ ಬೇಡವಾಗಿತ್ತಾ ಅಕ್ಕ?"

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. "ನಂಗೆ ಬೇಕಿತ್ತು ಕಣೇ. ಇಲ್ಲಿಗೆ ಬಂದು ಹೋಗ್ಬಹುದಿತ್ತಲ್ಲ. ನಿಮ್ಮ ಮನೆಯೋರಿಗೆ ವಿರುದ್ಧ ಆಗಬಾರದು ಅಂತ ಬೇಡ ಅಂದೆ."

ಪಕ್ಕದ ರೂಮಿನಲ್ಲಿ ಭಾಷಣ ನಿಂತಿತ್ತು. ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ. ಬಾಗಿಲಲ್ಲಿ ಅಪ್ಪ ಕಾಗದ ಹಿಡಿದು ನಿಂತಿದ್ದರು. ನನಗೆ ಒಂದು ಕ್ಷಣ ಎಲ್ಲರ ಮೇಲೂ ಕೆಟ್ಟ ಸಿಟ್ಟು ಬಂತು. ಅಮ್ಮ ಬಾಯಿ ಬಿಡಲಿಲ್ಲವೆಂದು, ದೊಡ್ಡಮ್ಮ ಕೇಳಲಿಲ್ಲವೆಂದು, ಅಪ್ಪನಿಗೆ ಮನೆಯೊಳಗಿನದು ಕಾಣಲಿಲ್ಲವೆಂದು. ಆದರೆ ಬೈಯುವುದಕ್ಕೆ ಯಾರ ತಪ್ಪೂ ಕೈಗೆ ಸಿಗಲಿಲ್ಲ. ಮೂವರೂ ಒಬ್ಬರಿಗಾಗಿ ಒಬ್ಬರು ಮರ್ಯಾದೆಯಿಂದಲೇ ನಡೆದುಕೊಂಡಿದ್ದರು, ಮತ್ತು ಹಾಗೆ ನಡೆದುಕೊಂಡೇ ರೈಲನ್ನು ಎರಡೂ ತುದಿಯಲ್ಲಿ ದೂರ ತಳ್ಳಿದ್ದರು.

ಸಂಜೆ ದೊಡ್ಡಮ್ಮನ ಮಗ ಬಂದಾಗ ಅಮ್ಮ ಒಂದು ಬ್ಯಾಗಿನಲ್ಲಿ ಸೀರೆ, ಮಂಡಿಗೆ ಹಚ್ಚುವ ಎಣ್ಣೆ ತುಂಬಿಕೊಂಡು ಹಾಲಿಗೆ ಬಂದಳು. "ನಾನೂ ಅಕ್ಕನ ಜೊತೆ ಹೋಗ್ತೀನಿ," ಎಂದಳು.

"ಹೋಗ್ತೀನಿ ಅಂದ್ರೆ? ಗೊಂಬೆ ಕೂರ್ಸಿದೀಯ," ಎಂದರು ಅಪ್ಪ. ಗೊಂಬೆ ಕೂರಿಸಿದವಳು ಹಬ್ಬದ ನಡುವೆ ಮನೆ ಬಿಟ್ಟು ಬೇರೆ ಕಡೆ ಉಳಿದದ್ದು ನಮ್ಮಲ್ಲಿ ಕಂಡಿರಲಿಲ್ಲ, ಕೇಳಿರಲಿಲ್ಲ.

"ನೀವಿದೀರಲ್ಲ. ಆರತಿ ಇವಳು ಮಾಡ್ತಾಳೆ. ಬಂದೋರಿಗೆ ನೀವು ಉಸ್ಲಿ ಕೊಡಿ."

"ಯಾವಾಗ ಬರ್ತೀಯ?"

"ನೋಡೋಣ. ಸ್ಟೇಷನ್ ಬರೋವರೆಗೆ ಕಾಯೋಕಾಗಲ್ಲ ನಂಗೆ."

ಕಾರಿನಲ್ಲಿ ಅಕ್ಕತಂಗಿಯರು ಹಿಂದಿನ ಸೀಟಿನಲ್ಲಿ ಕೂತರು. ಅಪ್ಪ ಗೇಟು ಹಿಡಿದು ನಿಂತಿದ್ದರು. ಹಳದಿ ಗುರುತು ಇದ್ದ ಕಲ್ಲಿನ ಮೇಲೆ ಕಾರಿನ ಚಕ್ರ ಹತ್ತಿ ಇಳಿಯಿತು.

ಮರುದಿನದ ಮೀಟಿಂಗಿಗೆ ನಾನೂ ಹೋದೆ, ನಕ್ಷೆ ಹಿಡಿದುಕೊಳ್ಳಲು. ಶಾಲೆಯ ಹಾಲ್ ತುಂಬ ಜನ. ಮೆಟ್ರೊದವರು ಗೋಡೆಯ ಮೇಲೆ ಚಿತ್ರಗಳನ್ನು ತೋರಿಸಿದರು, ಸಮಾಧಾನವಾಗಿಯೇ ಉತ್ತರ ಕೊಟ್ಟರು. ಒಬ್ಬರು ನೆಲದೊಳಗೆ ಯಾಕೆ ಮಾಡಬಾರದು ಎಂದು ಕೇಳಿದರು. ಇನ್ನೊಬ್ಬರು ಮರಗಳ ಬಗ್ಗೆ ಕೇಳುತ್ತಾ ಅತ್ತುಬಿಟ್ಟರು. ಸರ್ಕಲ್ಲಿನವರು ನಮ್ಮ ಕಡೆ ಕೈ ತೋರಿಸಿದರು, ನಮ್ಮವರು ಸರ್ಕಲ್ಲಿನ ಕಡೆ. ಅಪ್ಪನ ಸರದಿ ಬಂತು. ನಾನು ನಕ್ಷೆಯನ್ನು ಬಿಚ್ಚಲು ಹೋದೆ. ಅಪ್ಪ ಬೇಡವೆಂದು ಕೈಸನ್ನೆ ಮಾಡಿದರು. ಭಾಷಣದ ಕಾಗದವೂ ಜೇಬಿನಲ್ಲೇ ಉಳಿಯಿತು.

"ನನ್ನದೊಂದು ಪ್ರಶ್ನೆ ಇದೆ," ಎಂದರು. "ರಾಜಾಜಿನಗರದಲ್ಲಿ ಸ್ಟೇಷನ್ ಎಲ್ಲಿ ಬರತ್ತೆ?"

ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. "ಸಾರ್, ಅದಕ್ಕೆ ಆ ಭಾಗದವರ ಮೀಟಿಂಗ್ ಬೇರೆ ಇರತ್ತೆ. ಇಲ್ಲಿ ಜಯನಗರದ ವಿಷಯ ಮಾತ್ರ ಹೇಳಿ."

"ಇಲ್ಲಿ ಹತ್ತಿದೋರು ಅಲ್ಲಿ ಇಳೀತಾರಲ್ಲ. ಅಲ್ಲಿ ಮನೆಗೆ ಹತ್ತಿರ ಮಾಡ್ತೀರಾ, ದೂರ ಮಾಡ್ತೀರಾ? ವಯಸ್ಸಾದೋರು ನಡೆಯೋ ಅಷ್ಟು ದೂರದಲ್ಲಿ ಇರತ್ತಾ?"

ಎದುರುಮನೆ ಅಂಕಲ್ ಹಿಂದಿನಿಂದ ಅಪ್ಪನ ಅಂಗಿ ಎಳೆದರು. "ಏನ್ ಸಾರ್ ಇದು, ನಮ್ಮ ವಿಷಯ ಹೇಳಿ."

"ನಮ್ಮ ವಿಷಯಾನೇ ಹೇಳ್ತಿದೀನಿ," ಎಂದರು ಅಪ್ಪ. ದನಿ ಏರಿಸಲಿಲ್ಲ. ಆಮೇಲೆ ಕೂತುಬಿಟ್ಟರು. ನಮ್ಮವರು ಗುಜುಗುಜು ಮಾಡಿದರು. ಸೆಕ್ರೆಟರಿಗೆ ಏನಾಯಿತು ಎಂದು ಅವರಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿತ್ತು, ಆದರೂ ಗೊಂದಲ ಹೋಗಲಿಲ್ಲ. ಆ ಹಾಲಿನಲ್ಲಿ ಮರಗಳಿಗಾಗಿ ಅತ್ತವರು ಸುಳ್ಳು ಅತ್ತಿರಲಿಲ್ಲ. ಈಗ ಪಾರ್ಕಿನ ಅಂಚಿನಲ್ಲಿ ಕಂಬಗಳು ಎದ್ದಿವೆ, ಕೆಲವು ಮರಗಳಿಲ್ಲ. ಆ ಕಂಬಗಳ ಪಕ್ಕ ಹಾದುಹೋಗುವಾಗ ನಾನು ಯಾರ ಕಡೆಯವಳು ಎಂದು ಇನ್ನೂ ನನಗೆ ತಿಳಿಯುವುದಿಲ್ಲ.

ಆ ಸಂಜೆ ಆರತಿ ನಾನು ಮಾಡಿದೆ. ಅಪ್ಪ ಪಂಚೆ ಎತ್ತಿ ಕಟ್ಟಿ, ಮಹಡಿಯ ಹುಡುಗಿಯ ಸಲಹೆ ಕೇಳಿಕೊಂಡು, ತಾವೇ ಕಡಲೆಕಾಳು ಬೇಯಿಸಿದ್ದರು. ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು, ಯಾರೂ ಹೇಳಲಿಲ್ಲ. ಹೆಂಗಸರು ಯಜಮಾನರ ಕೈಯಿಂದ ದೊನ್ನೆ ತಗೊಳ್ಳಲು ನಾ ಮುಂದೆ ತಾ ಮುಂದೆ ಎಂದು ಬರಲಿಲ್ಲ, ಸಂಕೋಚದಿಂದ ನಿಂತಿದ್ದರು. ಎದುರುಮನೆ ಆಂಟಿ ರೂಢಿಯಂತೆ ಬಗ್ಗಿ ಬೆಂಕಿಪೊಟ್ಟಣಕ್ಕೆ ಕೈ ಹಾಕಿದರು. ಅದು ನಮ್ಮ ಗೇಟಿನ ಎದುರಿಗಿತ್ತು. ಹಿಂದಿನ ಸಂಜೆ ಅಮ್ಮ ಹೋದ ಮೇಲೆ ಯಾರೋ ಅದನ್ನು ಗುಡಿಯ ಕಡೆ ಒಯ್ದಿದ್ದು ನನಗೆ ನೆನಪಿತ್ತು. ನಾನು ವಾಪಸ್ಸು ಇಟ್ಟಿರಲಿಲ್ಲ.

"ಅದನ್ನ ಮುಟ್ಟಬೇಡಿ," ಎಂದರು ಅಪ್ಪ. "ಕೂರಿಸಿರೋದು. ಕದಲಿಸಬಾರದು."

ಆಂಟಿಗೆ ಆಶ್ಚರ್ಯ. "ನಿಮ್ಮನೆಯೋರು ಅದು ಪಾರ್ಕು ಅಂದಿದ್ರಲ್ಲ?"

"ನಿನ್ನೆವರೆಗೆ ಪಾರ್ಕು. ಇವತ್ತಿಂದ ಗೊಂಬೆ."

ಎಲ್ಲರೂ ಹೋದ ಮೇಲೆ ಅಪ್ಪ ಪಾತ್ರೆಯ ತಳದ ಉಸ್ಲಿಯನ್ನು ಸೌಟಿನಲ್ಲಿ ಕೆರೆಯುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ. "ಅಲ್ಲಪ್ಪಾ, ಗೇಟಿನ ಮುಂದೆ ಬೇಡ ಅಂತ ತಾನೇ ನೀವು ಇಷ್ಟು ದಿನ ಒದ್ದಾಡಿದ್ದು?"

"ಅವಳು ವಾಪಸ್ ಬಂದಾಗ ಎಲ್ಲಿ ಇಳೀಬೇಕು?" ಎಂದರು.

ಆಮೇಲೆ ಸೌಟು ಇಟ್ಟು, ಕೈ ತೊಳೆದು, ದೇವರಮನೆಯಿಂದ ಇನ್ನೊಂದು ಬೆಂಕಿಪೊಟ್ಟಣ ತಂದರು. ಕಡ್ಡಿಗಳನ್ನು ಒಂದು ಬಟ್ಟಲಿಗೆ ಸುರಿದು ಅದನ್ನು ಖಾಲಿ ಮಾಡಿದರು. ಸೊಂಟಕ್ಕೆ ಹಾಕಿಕೊಳ್ಳುವ ಹೊಸ ಬೆಲ್ಟನ್ನೂ ಗೂಟದಿಂದ ತೆಗೆದುಕೊಂಡರು. ಹಾಲಿಗೆ ಹೋಗಿ ಅಲ್ಲಿಂದ ನನ್ನನ್ನು ಕರೆದರು: "ಬಾ ಇಲ್ಲಿ, ಈ ಬೀರುನ ಒಂಚೂರು ಆ ಕಡೆ ಸರಿಸೋಣ."